ಮಾನಸ ಸರೋವರಕ್ಕೆ ಹೊರಡುವ ಮುನ್ನ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸ್ವಾಗತ ಸಮಿತಿಯವರು ಫೋನ್ ಮಾಡಿದಾಗ ಕಂಪ್ಯೂಟರ್ ಬಗ್ಗೆ ಮಾತಾಡು ಎಂದರು. ನಾನು ಬೇರೆ ವಿಷಯ ಕೇಳಿಕೊಂಡೆ. ಕಾರಣ ಇಷ್ಟೇ. ನಮ್ಮೂರಿನಿಂದ ಏಳೆಂಟು ಜನ ಕೈಲಾಸ ಮಾನಸ ಸರೋವರಕ್ಕೆ ಹೋಗುವ ಮಾತು ನಡೆದಿದೆ. ಹೆಚ್ಚಿನವರು ಅರವತ್ತರ ಆಸುಪಾಸಿನವರು. ಇಬ್ಬರಿಗೆ ಬಿ.ಪಿ. ಇದೆ, ಒಬ್ಬರಿಗೆ ಸಕ್ಕರೆ ಕಾಯಿಲೆ ಇದೆ. ಕೊಬ್ಬರಿ ಮಾರಿದ ದುಡ್ಡು, ಪಿಂಚಣಿ ದುಡ್ಡು ಕೂಡಿಟ್ಟು ಹೊರಟಿದ್ದಾರೆ. ನಾನು 2019ರಲ್ಲಿ ನಮ್ಮಮ್ಮನನ್ನು ಕರೆದುಕೊಂಡು ಹೋಗಿದ್ದೆ ಅಂತ ಗೊತ್ತಾಗಿ, ಹಬ್ಬಕ್ಕೆ ಬಂದಾಗಲೆಲ್ಲ ಒಬ್ಬರಲ್ಲ ಒಬ್ಬರು ಕೇಳುತ್ತಿದ್ದಾರೆ. ಜಗಲಿ ಮೇಲೆ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಹೇಳಿಬಿಡೋಣ ಅನ್ನಿಸಿತು.

ಮೊದಲು ಜಾಗದ ಪರಿಚಯ. ಕೈಲಾಸ ಇರುವುದು ಟಿಬೆಟ್ಟಿನ ಪಶ್ಚಿಮ ಭಾಗದಲ್ಲಿ, ಈಗ ಚೀನಾದ ಆಡಳಿತದಲ್ಲಿರುವ ಪ್ರದೇಶದಲ್ಲಿ. ಶಿಖರದ ಎತ್ತರ 6,600 ಮೀಟರಿಗೂ ಹೆಚ್ಚು. ಅದನ್ನು ಯಾರೂ ಹತ್ತುವುದಿಲ್ಲ, ಸುತ್ತ ಪ್ರದಕ್ಷಿಣೆ ಬರುತ್ತಾರೆ. ಆ ದಾರಿ ಸುಮಾರು 52 ಕಿಲೋಮೀಟರ್, ನಮ್ಮವರು ಮೂರು ದಿನದಲ್ಲಿ ಮುಗಿಸುತ್ತಾರೆ. ಎರಡನೆಯ ದಿನ ದಾಟಬೇಕಾದ ಡೋಲ್ಮಾ ಲಾ ಕಣಿವೆದಾರಿ ಸುಮಾರು 5,630 ಮೀಟರ್ ಎತ್ತರದಲ್ಲಿದೆ. ಸರೋವರದ ದಡವೇ ಸುಮಾರು 4,590 ಮೀಟರ್. ನಮಗೆ ಅದು ಶಿವನ ನೆಲೆ. ಜೈನರಿಗೆ ಆದಿನಾಥ ವೃಷಭದೇವರು ಮೋಕ್ಷ ಪಡೆದ ಅಷ್ಟಾಪದ. ಟಿಬೆಟಿಯನ್ ಬೌದ್ಧರು ಅದನ್ನು ಕಾಂಗ್ ರಿನ್‌ಪೋಚೆ ಎನ್ನುತ್ತಾರೆ. ಬೌದ್ಧ ಧರ್ಮಕ್ಕಿಂತ ಹಳೆಯದೆಂದು ಹೇಳಿಕೊಳ್ಳುವ ಬೋನ್ ಪಂಥದವರಿಗೂ ಅದು ಪವಿತ್ರ. ನಾವೂ ಬೌದ್ಧರೂ ಬಲಕ್ಕೆ ಸುತ್ತಿದರೆ ಬೋನ್ ಪಂಥದವರು ಎಡಕ್ಕೆ ಸುತ್ತುತ್ತಾರೆ, ಅಷ್ಟೇ ವ್ಯತ್ಯಾಸ.

ಈಗ ಎತ್ತರ ಅಂದರೆ ಏನು ಅಂತ ನೋಡೋಣ. ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿಯ ತುದಿ 2,000 ಮೀಟರ್ ಕೂಡ ಇಲ್ಲ. ಅಂದರೆ ಮಾನಸ ಸರೋವರದ ದಡ ನಮ್ಮ ನಾಡಿನ ಅತಿ ಎತ್ತರದ ಶಿಖರದ ಎರಡರಷ್ಟಕ್ಕಿಂತ ಮೇಲಿದೆ. ಅಲ್ಲಿ "ಆಮ್ಲಜನಕ ಇಲ್ಲ" ಅಂತ ಜನ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಒಂಬತ್ತನೇ ಕ್ಲಾಸಿನಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ತುಂಬಿದ ನೀರಿನ ಲೋಟಕ್ಕೆ ರಟ್ಟು ಮುಚ್ಚಿ ತಲೆಕೆಳಗೆ ಹಿಡಿದು ಗಾಳಿಯ ಒತ್ತಡ ತೋರಿಸಿದ್ದು ನನ್ನ ತರಗತಿಯವರಿಗೆಲ್ಲ ನೆನಪಿರಬೇಕು. ಗಾಳಿಯಲ್ಲಿ ಆಮ್ಲಜನಕದ ಪಾಲು ಇಲ್ಲೂ ಶೇಕಡಾ 21, ಅಲ್ಲೂ ಶೇಕಡಾ 21. ಕಡಿಮೆಯಾಗುವುದು ಒತ್ತಡ. 5,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಆದ್ದರಿಂದ ಒಂದೊಂದು ಉಸಿರಿಗೂ ಒಳಗೆ ಹೋಗುವ ಆಮ್ಲಜನಕ ಅರ್ಧ. ಅದೇ ಕಾರಣಕ್ಕೆ ಅಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಅನ್ನ ಬೇಯುವುದಿಲ್ಲ.

ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ದಿನಗಳು ಬೇಕು. ಇಲ್ಲಿ ಒಂದು ಮಾತನ್ನು ದಯವಿಟ್ಟು ಗಮನಿಸಿ. ಗಟ್ಟಿಮುಟ್ಟಾಗಿರುವುದು ಬೇರೆ, ಎತ್ತರಕ್ಕೆ ಹೊಂದಿಕೊಳ್ಳುವುದು ಬೇರೆ. ದಿನಾ ಹೊಲದಲ್ಲಿ ದುಡಿಯುವ ಮನುಷ್ಯನಿಗೂ ಅಲ್ಲಿ ತಲೆ ಸಿಡಿಯಬಹುದು. ಯುವಕರು ಹುಮ್ಮಸ್ಸಿನಲ್ಲಿ ಬೇಗ ಬೇಗ ಹತ್ತಿ ಬೇಗ ಮಲಗಿಬಿಡುವುದೂ ಉಂಟು. ವೈದ್ಯರು ಹೇಳುವ ಲೆಕ್ಕ ಹೀಗಿದೆ: 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಉಳಿಯಬೇಕು.

ಈ ಲೆಕ್ಕ ಹಿಡಿದುಕೊಂಡು ದಾರಿಗಳನ್ನು ನೋಡಿ. ಭಾರತ ಸರ್ಕಾರದ ವಿದೇಶಾಂಗ ಸಚಿವಾಲಯ ನಡೆಸುವ ಯಾತ್ರೆಗೆ ಎರಡು ದಾರಿ. ಉತ್ತರಾಖಂಡದ ಲಿಪುಲೇಖ್ ದಾರಿ 1981ರಿಂದ ಇದೆ. ಸಿಕ್ಕಿಮ್‌ನ ನಾಥು ಲಾ ದಾರಿ 2015ರಲ್ಲಿ ತೆರೆಯಿತು. 2020ರಿಂದ ನಿಂತಿದ್ದ ಈ ಯಾತ್ರೆ 2025ರಲ್ಲಿ ಮತ್ತೆ ಶುರುವಾಗಿದೆ. ಅರ್ಜಿ ಹಾಕಿದವರನ್ನು ಕಂಪ್ಯೂಟರ್ ಲಾಟರಿಯಲ್ಲಿ ಆರಿಸುತ್ತಾರೆ. ವಯಸ್ಸು 18ರಿಂದ 70ರ ಒಳಗಿರಬೇಕು, ಎತ್ತರಕ್ಕೆ ತಕ್ಕ ತೂಕ ಇರಬೇಕು, ಅಂದರೆ ಬಿ.ಎಂ.ಐ. 25 ಮೀರಬಾರದು. ದೆಹಲಿಯಲ್ಲಿ ವೈದ್ಯಕೀಯ ತಪಾಸಣೆ ಇರುತ್ತದೆ, ದಾರಿಯಲ್ಲಿ ಇನ್ನೊಮ್ಮೆ ಇರುತ್ತದೆ. ಅದರಲ್ಲಿ ಫೇಲಾದರೆ ವಾಪಸು ಕಳಿಸುತ್ತಾರೆ. ಇದನ್ನು ಕಿರುಕುಳ ಅಂದುಕೊಳ್ಳಬೇಡಿ, ನಮ್ಮ ಒಳ್ಳೆಯದಕ್ಕೇ ಇರುವುದು.

ಇನ್ನೊಂದು, ಖಾಸಗಿ ಟೂರಿನವರ ಜೊತೆ ನೇಪಾಳದ ಮೇಲೆ ಹೋಗುವುದು. ನಾವು ಹೋದದ್ದು ಹಾಗೆ. ಕಠ್ಮಂಡು ಸುಮಾರು 1,400 ಮೀಟರ್. ಗಡಿ ದಾಟಿ ಕೆರುಂಗ್ ಎಂಬ ಊರು ಸುಮಾರು 2,800. ಅಲ್ಲಿಂದ ಒಂದೇ ದಿನ ಬಸ್ಸಿನಲ್ಲಿ ಕೂತು ಸಾಗಾ ಎಂಬ ಊರು ತಲುಪಿದರೆ ಅದು ಸುಮಾರು 4,500. ಒಂದು ಹಗಲಿಗೆ 1,700 ಮೀಟರ್! ನಾನು ಈಗ ಹೇಳಿದ 500ರ ಲೆಕ್ಕ ಎಲ್ಲಿ, ಇದು ಎಲ್ಲಿ? ಆದ್ದರಿಂದ ಟೂರಿನವರಿಗೆ ದುಡ್ಡು ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಕೆರುಂಗ್‌ನಲ್ಲಿ ಎಷ್ಟು ರಾತ್ರಿ? ಸಾಗಾದಲ್ಲಿ ಎಷ್ಟು ರಾತ್ರಿ? ಜೊತೆಗೆ ಆಮ್ಲಜನಕದ ಸಿಲಿಂಡರ್ ಎಷ್ಟು ಇರುತ್ತದೆ, ಅದನ್ನು ಬಳಸಲು ಬಲ್ಲವರು ಯಾರು? ಯಾರಿಗಾದರೂ ಹುಷಾರು ತಪ್ಪಿದರೆ ಕೆಳಗೆ ಇಳಿಸಲು ಬೇರೆ ಗಾಡಿ ಇದೆಯೇ? ಊಟ ಎಂಥದು, ಹೋಟೆಲ್ ಎಂಥದು ಅನ್ನುವುದನ್ನು ಆಮೇಲೆ ಕೇಳಿದರಾಯಿತು. ಎರಡು ದಿನ ಹೆಚ್ಚಿರುವ, ಹತ್ತಿಪ್ಪತ್ತು ಸಾವಿರ ಹೆಚ್ಚಾಗುವ ಟೂರೇ ನಿಜವಾಗಿ ಅಗ್ಗ.

ಆರೋಗ್ಯದ ವಿಷಯ. ಹೊರಡುವುದಕ್ಕೆ ಆರು ತಿಂಗಳ ಮುಂಚೆಯೇ ವೈದ್ಯರ ಹತ್ತಿರ ಹೋಗಿ, ಎಷ್ಟು ಎತ್ತರಕ್ಕೆ ಹೋಗುತ್ತಿದ್ದೇವೆ ಅಂತ ಬಾಯಿ ಬಿಟ್ಟು ಹೇಳಿ. ಹೃದಯ, ಶ್ವಾಸಕೋಶ, ಬಿ.ಪಿ., ಸಕ್ಕರೆ ಪರೀಕ್ಷೆ ಆಗಲೇಬೇಕು. ಹೆಣ್ಣುಮಕ್ಕಳು ಹಿಮೋಗ್ಲೋಬಿನ್ ನೋಡಿಸಿಕೊಳ್ಳುವುದನ್ನು ಮರೆಯಬೇಡಿ. ಆಮ್ಲಜನಕ ಹೊರುವುದೇ ಅದು. ಇಲ್ಲಿ ಹತ್ತು ಗ್ರಾಂನಲ್ಲಿ ಹೇಗೋ ಮನೆಕೆಲಸ ನಡೆಯುತ್ತದೆ, ಅಲ್ಲಿ ನಡೆಯುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಅದು ಚಳಿಗೆ ಹೆಪ್ಪುಗಟ್ಟದಂತೆ ಮೈಗೆ ತಾಗಿ ಒಳಜೇಬಿನಲ್ಲಿಟ್ಟುಕೊಳ್ಳಬೇಕು. ಎತ್ತರದ ಕಾಯಿಲೆ ತಡೆಯಲು ಅಸಿಟಜೋಲಮೈಡ್ ಎಂಬ ಮಾತ್ರೆ ಇದೆ, ಡಯಾಮಾಕ್ಸ್ ಹೆಸರಿನಲ್ಲಿ ಸಿಗುತ್ತದೆ. ಸಲ್ಫಾ ಔಷಧಿ ಒಗ್ಗದವರು ಅದರ ತಂಟೆಗೆ ಹೋಗುವ ಮುನ್ನ ವೈದ್ಯರಿಗೆ ಹೇಳಲೇಬೇಕು. ಪಕ್ಕದ ಮನೆಯವರು ತೆಗೆದುಕೊಂಡರು ಅಂತ ನಾವೂ ನುಂಗುವಂಥ ಮಾತ್ರೆ ಅದಲ್ಲ. ಅಲ್ಲಿ ನಿದ್ದೆ ಬರುವುದಿಲ್ಲ ಅಂತ ನಿದ್ದೆ ಮಾತ್ರೆ, ಚಳಿ ಅಂತ ಮದ್ಯ, ಎರಡೂ ಬೇಡ. ಉಸಿರಾಟವನ್ನು ಇನ್ನಷ್ಟು ತಗ್ಗಿಸುತ್ತವೆ.

ನಡಿಗೆ ಈಗಿನಿಂದಲೇ ಶುರು ಮಾಡಿ. ನಮ್ಮಮ್ಮ ಕೆರೆ ಏರಿ ಮೇಲೆ ಒಂದು ಕಿಲೋಮೀಟರಿನಿಂದ ಶುರು ಮಾಡಿ ಆರು ತಿಂಗಳಲ್ಲಿ ಎಂಟಕ್ಕೆ ಬಂದರು. ತಿಂಗಳಿಗೊಮ್ಮೆ ಶಿವಗಂಗೆ ಬೆಟ್ಟ ಹತ್ತಿದೆವು. ಹೊಸ ಬೂಟನ್ನು ಇಲ್ಲೇ ಮೂರು ತಿಂಗಳು ಹಾಕಿ ಪಳಗಿಸಿದರು. ಸೀರೆ ಮೇಲೆ ಬೂಟು ಹಾಕಿ ನಡೆದರೆ ಊರವರು ನಕ್ಕಾರು ಅಂತ ಮೊದಮೊದಲು ಸಂಕೋಚ. ಆಮೇಲೆ ಚೂಡಿದಾರಕ್ಕೆ ಬದಲಾದರು, ನಗುವವರೂ ಸುಮ್ಮನಾದರು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ತಲೆನೋವು, ವಾಕರಿಕೆ, ಊಟ ಸೇರದಿರುವುದು, ಸುಸ್ತು, ತಲೆಸುತ್ತು ಎತ್ತರದ ಕಾಯಿಲೆಯ ಮೊದಲ ಲಕ್ಷಣಗಳು. ಇವು ಇರುವಾಗ ಮೇಲೆ ಹೋಗಬಾರದು, ಅಲ್ಲೇ ಉಳಿಯಬೇಕು. ನೆಟ್ಟಗೆ ಗೆರೆ ಎಳೆದಂತೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯಲಾಗದೆ ತೂರಾಡಿದರೆ, ಮಾತು ತೊದಲಿದರೆ, ಅದು ಮಿದುಳಿಗೆ ನೀರು ತುಂಬುತ್ತಿರುವ ಸೂಚನೆ. ಸುಮ್ಮನೆ ಕೂತಿದ್ದಾಗಲೂ ಏದುಸಿರು, ಕೆಮ್ಮು ಬಂದರೆ ಶ್ವಾಸಕೋಶಕ್ಕೆ ನೀರು ತುಂಬುತ್ತಿದೆ ಅಂತ. ಇವೆರಡಕ್ಕೂ ನಿಜವಾದ ಔಷಧಿ ಒಂದೇ, ಕೆಳಗೆ ಇಳಿಯುವುದು. ಬೆಳಗಾಗಲಿ ನೋಡೋಣ ಅನ್ನುವಂತಿಲ್ಲ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಓಡುತ್ತಿರುವ ಸಾಫ್ಟ್‌ವೇರಿಗೆ ಹೊಸದನ್ನು ಹಾಕುವ ಮುನ್ನ, ಏನಾದರೂ ಕೆಟ್ಟರೆ ಹಳೆಯದಕ್ಕೆ ಹಿಂತಿರುಗುವುದು ಹೇಗೆ, ಯಾವ ಲಕ್ಷಣ ಕಂಡರೆ ಹಿಂತಿರುಗಬೇಕು, ನಿರ್ಧಾರ ಯಾರದು ಅಂತ ಮೊದಲೇ ಬರೆದಿಡುತ್ತೇವೆ. ಕೆಟ್ಟ ಮೇಲೆ ಗಾಬರಿಯಲ್ಲಿ ಯಾರಿಗೂ ಸರಿಯಾಗಿ ಯೋಚನೆ ಬರುವುದಿಲ್ಲ. ಅದೇ ರೀತಿ ನಾನೂ ಅಮ್ಮನೂ ಮನೆಯಲ್ಲೇ ಮೂರು ಮಾತು ಬರೆದಿಟ್ಟೆವು. ಒಂದು, ತಲೆನೋವನ್ನು ಒಬ್ಬರಿಂದ ಒಬ್ಬರು ಮುಚ್ಚಿಡಬಾರದು. ಎರಡು, ದಿನಾ ಬೆಳಿಗ್ಗೆ ಹತ್ತು ಹೆಜ್ಜೆ ನೆಟ್ಟಗೆ ನಡೆದು ತೋರಿಸಬೇಕು. ಮೂರು, ಒಬ್ಬರು ತೂರಾಡಿದರೆ ಇಬ್ಬರೂ ವಾದ ಮಾಡದೆ ಇಳಿಯಬೇಕು.

ಪ್ರದಕ್ಷಿಣೆಯ ಮೊದಲ ರಾತ್ರಿ ದಿರಾಪುಕ್‌ನಲ್ಲಿ ಉಳಿದೆವು. ಅದು 5,000 ಮೀಟರಿನ ಹತ್ತಿರ. ಕೈಲಾಸದ ಉತ್ತರ ಮುಖ ಅಲ್ಲಿ ಎದುರಿಗೇ ಕಾಣುತ್ತದೆ. ರಾತ್ರಿ ಅಮ್ಮ ಎರಡು ಸಲ ವಾಂತಿ ಮಾಡಿಕೊಂಡರು. ಬೆಳಿಗ್ಗೆ ಐದನೇ ಹೆಜ್ಜೆಗೆ ಪಕ್ಕಕ್ಕೆ ವಾಲಿದರು. ಡೋಲ್ಮಾ ಲಾ ಅಲ್ಲಿಂದ ಕೆಲವೇ ಗಂಟೆಯ ದಾರಿ. ಜೊತೆಯವರು "ಕುದುರೆ ಮೇಲೆ ಕೂರಿಸಿ, ಶಿವ ನೋಡಿಕೊಳ್ಳುತ್ತಾನೆ" ಅಂದರು. ಅಪ್ಪ ತೀರಿಕೊಂಡ ಮೇಲೆ ಹತ್ತು ವರ್ಷ ಹಾಲು ಹಾಕಿ ದುಡ್ಡು ಕೂಡಿಸಿದವರು ನಮ್ಮಮ್ಮ. ಅವರೇ ಚೀಟಿಯ ಮೂರನೇ ಮಾತು ಹೇಳಿ ಚೀಲ ಕಟ್ಟಲು ಹೇಳಿದರು. ಬೆಟ್ಟಕ್ಕೆ ನಮಸ್ಕಾರ ಮಾಡಿ ಕುದುರೆ ಮೇಲೆ ಹಿಂದಕ್ಕೆ ಇಳಿದೆವು. ದಾರ್ಚೆನ್‌ನಿಂದ ಗಾಡಿ ಮಾಡಿಕೊಂಡು, 4,000 ಮೀಟರಿಗಿಂತ ಕೆಳಗಿರುವ ತಕ್ಲಾಕೋಟ್ ತಲುಪಿದ ಸಂಜೆಯೇ ಅವರು ಗಂಜಿ ಕುಡಿದರು, ಮರುದಿನ ನೆಟ್ಟಗೆ ನಡೆದರು. ಪ್ರದಕ್ಷಿಣೆ ಅರ್ಧ ಆಯಿತು ಅಂತ ಕೆಲವರು ಮರುಗುತ್ತಾರೆ. ಅಮ್ಮ ಮೂರನೇ ಸಾಲಿನಲ್ಲಿ ಕೂತಿದ್ದಾರೆ, ಅವರನ್ನೇ ಕೇಳಿ. (ಚಪ್ಪಾಳೆ)

ದಾರಿಯ ಅಪಾಯವನ್ನೂ ಹೇಳಬೇಕು. 1998ರ ಆಗಸ್ಟ್‌ನಲ್ಲಿ ಲಿಪುಲೇಖ್ ದಾರಿಯ ಮಾಲ್ಪಾದಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಬೆಂಗಳೂರಿನ ಹೆಸರಘಟ್ಟದಲ್ಲಿ ನೃತ್ಯಗ್ರಾಮ ಕಟ್ಟಿದ ಪ್ರೋತಿಮಾ ಬೇಡಿ ಅವರಲ್ಲಿ ಒಬ್ಬರು. 2018ರ ಜುಲೈನಲ್ಲಿ ಮಳೆಯಿಂದ ವಿಮಾನ ಹಾರದೆ ನೇಪಾಳದ ಸಿಮಿಕೋಟ್, ಹಿಲ್ಸಾಗಳಲ್ಲಿ ನೂರಾರು ಯಾತ್ರಿಗಳು ಸಿಕ್ಕಿಕೊಂಡರು, ಕರ್ನಾಟಕದವರೂ ಇದ್ದರು. 2025ರ ಜುಲೈನಲ್ಲಿ ನೇಪಾಳದ ರಸುವಾಗಢಿಯಲ್ಲಿ ಗಡಿಯ ಸೇತುವೆಯೇ ಪ್ರವಾಹಕ್ಕೆ ಕೊಚ್ಚಿಹೋಯಿತು. ಹೆದರಿಸಲು ಹೇಳುತ್ತಿಲ್ಲ. ಟೂರಿನವರು ಹೇಳಿದ ದಿನಕ್ಕಿಂತ ಐದಾರು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ಮಾತ್ರೆಗಳನ್ನೂ ಅಷ್ಟು ದಿನಕ್ಕೆ ಹೆಚ್ಚಿಗೆ ಒಯ್ಯಿರಿ, ಬರುವ ದಿನಕ್ಕೇ ಮನೆಯಲ್ಲಿ ಮದುವೆ, ಗೃಹಪ್ರವೇಶ ಇಟ್ಟುಕೊಳ್ಳಬೇಡಿ. ಹೆಲಿಕಾಪ್ಟರ್ ಖರ್ಚೂ ಸೇರಿದ ವಿಮೆ ಮಾಡಿಸಿ. ಪಾಸ್‌ಪೋರ್ಟ್ ಅವಧಿ ನೋಡಿಕೊಳ್ಳಿ. ರಾಜ್ಯದ ಮುಜರಾಯಿ ಇಲಾಖೆಯ ಸಹಾಯಧನಕ್ಕೆ ಆ ವರ್ಷದ ನಿಯಮ ಏನು ಅಂತ ಹೊರಡುವ ಮೊದಲೇ ವಿಚಾರಿಸಿ, ರಸೀದಿಗಳನ್ನೆಲ್ಲ ಜೋಪಾನವಾಗಿಡಿ.

ಸಾಮಾನು ಕಡಿಮೆ ಇರಲಿ. ಒಂದೇ ದಪ್ಪ ಕೋಟಿಗಿಂತ ಪದರ ಪದರವಾಗಿ ಹಾಕುವ ಬಟ್ಟೆ ಒಳ್ಳೆಯದು. ಅಲ್ಲಿಯ ಬಿಸಿಲು ಚಳಿಯಲ್ಲೂ ಸುಡುತ್ತದೆ, ಕಪ್ಪು ಕನ್ನಡಕ ಬೇಕೇ ಬೇಕು. ಚಟ್ನಿಪುಡಿ, ರಾಗಿ ಹುರಿಹಿಟ್ಟು ಒಯ್ಯಿರಿ. ಟಿಬೆಟಿಯನ್ನರ ಮುಖ್ಯ ಆಹಾರ ತ್ಸಂಪಾ ಕೂಡ ಹುರಿದ ಬಾರ್ಲಿಯ ಹಿಟ್ಟೇ. ನಮ್ಮ ಹುರಿಹಿಟ್ಟಿನ ಹಾಗೆ ಕಲಸಿ ಉಂಡೆ ಮಾಡಿ ತಿನ್ನುತ್ತಾರೆ.

ಕೊನೆಯ ಸಿದ್ಧತೆ, ಅಲ್ಲಿಯ ಜನರನ್ನು ಅರಿಯುವುದು. ಅದಕ್ಕೆ ಟಿಬೆಟ್‌ವರೆಗೆ ಹೋಗಬೇಕಿಲ್ಲ. ಬೈಲುಕುಪ್ಪೆ, ಮುಂಡಗೋಡುಗಳಲ್ಲಿ ಟಿಬೆಟಿಯನ್ನರು ನೆಲೆಸಿ ಅರವತ್ತು ವರ್ಷ ಆಗುತ್ತಾ ಬಂತು, ಬೈಲುಕುಪ್ಪೆಯಲ್ಲಿ ಆಗಿಯೇ ಹೋಯಿತು. ಹೊರಡುವ ಮುಂಚೆ ಅಮ್ಮನನ್ನು ಬೈಲುಕುಪ್ಪೆಗೆ ಕರೆದೊಯ್ದಿದ್ದೆ. ಅಂಗಡಿಯಲ್ಲಿದ್ದ ಹಿರಿಯ ಹೆಂಗಸು ಅಚ್ಚ ಕನ್ನಡದಲ್ಲಿ ಮಾತಾಡಿದರು. ಪ್ರಾರ್ಥನೆಯ ಬಾವುಟ ತುಳಿಯಬೇಡಿ, ಅಕ್ಷರ ಕೆತ್ತಿದ ಕಲ್ಲನ್ನು ನೆನಪಿಗೆ ಅಂತ ಎತ್ತಿಕೊಂಡು ಬರಬೇಡಿ, ದಲಾಯಿ ಲಾಮಾ ಅವರ ಫೋಟೋ, ಪುಸ್ತಕ ಒಯ್ಯಬೇಡಿ, ಯಾರ ಬಾಯಿಂದಲೂ ರಾಜಕೀಯ ಆಡಿಸಬೇಡಿ, ತೊಂದರೆ ಆಗುವುದು ಅಲ್ಲಿಯವರಿಗೆ ಅಂತ ಹೇಳಿಕೊಟ್ಟರು. "ನೀವಾದರೂ ನೋಡಿಕೊಂಡು ಬನ್ನಿ" ಅಂದರು. ನಾವು ಪಾಸ್‌ಪೋರ್ಟ್ ಹಿಡಿದು ಹೋಗಿಬರುವ ಜಾಗಕ್ಕೆ, ಅದು ಅವರ ತಂದೆತಾಯಿಯರ ನೆಲವಾದರೂ, ಅವರಿಗೆ ಹೋಗುವುದು ಅಷ್ಟು ಸುಲಭವಿಲ್ಲ. ಈ ಮಾತು ನೆನಪಿದ್ದರೆ ಅಲ್ಲಿ ನಾವು ಗಲಾಟೆ ಮಾಡುವುದಿಲ್ಲ, ಪ್ಲಾಸ್ಟಿಕ್ ಬಿಸಾಡುವುದಿಲ್ಲ.

ಹೊರಡುವವರು ದಯವಿಟ್ಟು ಮೊದಲು ವೈದ್ಯರ ಪರೀಕ್ಷೆ ಮುಗಿಸಿ, ಆಮೇಲೆ ಮುಂಗಡ ಕಟ್ಟಿ. ಬೇಡ ಅಂತ ವೈದ್ಯರು ಹೇಳಿದರೆ ಮನಸ್ಸಿಗೆ ಕಷ್ಟ, ನನಗೆ ಗೊತ್ತು. ಆದರೂ ಕೇಳಿ. ಟೂರಿನವರಿಗೆ ಕೇಳಬೇಕಾದ ಪ್ರಶ್ನೆಗಳು, ಕಾಯಿಲೆಯ ಲಕ್ಷಣಗಳು, ನಮ್ಮ ಮೂರು ಮಾತು, ಎಲ್ಲವನ್ನೂ ಒಂದು ಹಾಳೆಯಲ್ಲಿ ಅಚ್ಚು ಮಾಡಿಸಿ ತಂದಿದ್ದೇನೆ. ಶಾಲೆಯ ಆಫೀಸಿನಲ್ಲಿ ಇಟ್ಟಿರುತ್ತೇನೆ, ತೆಗೆದುಕೊಳ್ಳಿ. ಬರುವ ಭಾನುವಾರದಿಂದ ಬೆಳಿಗ್ಗೆ ಆರಕ್ಕೆ ಕೆರೆ ಏರಿ ಮೇಲೆ ನಡಿಗೆ. ನಾನು ಊರಲ್ಲಿಲ್ಲದ ವಾರ ಅಮ್ಮ ಇರುತ್ತಾರೆ.