ಬಡ್ಡಿಯ ಗಡುವು ಮುಗಿಯುವ ಮುನ್ನ
(ಮೆಟ್ರಿಯಲ್ಲಿ ಮಾಡಿದ ಭಾಷಣ)



ನಮ್ಮಂಥವರಿಗೆ ಮನೆ ಕಟ್ಟುವುದೆಂದರೆ ಏನೆಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಗಿರಣಿಯಲ್ಲಿ ಮೂಟೆ ಹೊತ್ತು, ಸಂತೆಯಲ್ಲಿ ಅಂಗಡಿ ಹೂಡಿ, ಕೂಡಿಟ್ಟ ನಾಲ್ಕು ಕಾಸಿಗೆ ಬ್ಯಾಂಕಿನ ಸಾಲ ಸೇರಿಸಿ ಗೋಡೆ ಎಬ್ಬಿಸುತ್ತೇವೆ. ಮನೆಪತ್ರ ಬ್ಯಾಂಕಿನ ಪೆಟ್ಟಿಗೆಯಲ್ಲಿ, ಕಂತಿನ ಚಿಂತೆ ನಮ್ಮ ತಲೆಯಲ್ಲಿ.

ಸಾಲ ಪಡೆಯುವಾಗ ‘ಸ್ಥಿರ ಬಡ್ಡಿ’ ಎಂಬ ಮಾತು ಕೇಳಿ ನಮ್ಮಲ್ಲಿ ಕೆಲವರು ನೆಮ್ಮದಿಯಿಂದ ಸಹಿ ಹಾಕಿದೆವು. ಆದರೆ ಅನೇಕ ಕರಾರುಗಳಲ್ಲಿ ಆ ಬಡ್ಡಿ ಸ್ಥಿರವಾಗಿರುವುದು ಎರಡು, ಮೂರು ಅಥವಾ ಐದು ವರ್ಷ ಮಾತ್ರ. ಗಡುವು ಮುಗಿದ ಮೇಲೆ ಅದು ತಾನಾಗಿಯೇ ಏರಿಳಿಯುವ ಬಡ್ಡಿಯಾಗುತ್ತದೆ. ಆಗ ಬಾಯಿ ಮುಚ್ಚಿಕೊಂಡು ಕುಳಿತರೆ ನಷ್ಟ ನಮ್ಮದೇ.

ಏರಿಳಿಯುವ ಬಡ್ಡಿ ಎಂದರೇನು? 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಇಂಥ ಹೊಸ ಮನೆಸಾಲಗಳನ್ನು ಹೊರಗಿನ ಒಂದು ದರಕ್ಕೆ, ಹೆಚ್ಚಾಗಿ ರಿಸರ್ವ್ ಬ್ಯಾಂಕಿನ ರೆಪೋ ದರಕ್ಕೆ, ಕಟ್ಟಿಹಾಕಿವೆ. 2022ರ ಮೇ ತಿಂಗಳಿಗೆ ಮುಂಚೆ ಆ ದರ ಶೇಕಡಾ 4 ಇತ್ತು. 2023ರ ಫೆಬ್ರವರಿಗೆ 6.5 ಆಯಿತು. 2025ರಲ್ಲಿ ಇಳಿಯುತ್ತ ಬಂದು ಡಿಸೆಂಬರಿಗೆ 5.25ಕ್ಕೆ ನಿಂತಿತು.

ಈ ಎರಡೂವರೆಯ ಏರಿಕೆ ಸಣ್ಣದೆಂದು ತಿಳಿಯಬೇಡಿ. ಶೇಕಡಾ 7ರಂತೆ ಇಪ್ಪತ್ತು ವರ್ಷಕ್ಕೆ ಹತ್ತು ಲಕ್ಷ ತಂದರೆ ತಿಂಗಳ ಕಂತು 7,753 ರೂಪಾಯಿ. ಆರಂಭದಲ್ಲೇ ಬಡ್ಡಿ ಒಂಬತ್ತೂವರೆಗೆ ಏರಿದರೆ ತಿಂಗಳ ಬಡ್ಡಿಯೊಂದೇ 7,917! ಹಳೆಯ ಕಂತನ್ನೇ ಕಟ್ಟುತ್ತಿದ್ದರೆ ಅಸಲು ಕರಗುವ ಮಾತಿರಲಿ, ಬಡ್ಡಿಯೂ ತೀರುವುದಿಲ್ಲ.

ಇಂಥ ದೂರುಗಳ ಮೇಲೆಯೇ ರಿಸರ್ವ್ ಬ್ಯಾಂಕು 2023ರ ಆಗಸ್ಟ್ 18ರಂದು ಆಜ್ಞೆ ಹೊರಡಿಸಿತು. ಕಂತು ಹೆಚ್ಚಬೇಕೋ, ಅವಧಿ ಹೆಚ್ಚಬೇಕೋ ಎಂಬುದನ್ನು ಸಾಲಗಾರನನ್ನು ಕೇಳಬೇಕು. ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು. ಸ್ಥಿರ ಬಡ್ಡಿಗೆ ಬದಲಾಗುವ ಅವಕಾಶವನ್ನೂ ಕೊಡಬೇಕು ಎಂದಿತು. ಆದರೆ 2025ರ ಅಕ್ಟೋಬರ್ 1ರಿಂದ ಈ ಕೊನೆಯ ಅವಕಾಶವನ್ನು ಬ್ಯಾಂಕಿನ ಇಚ್ಛೆಗೆ ಬಿಡಲಾಗಿದೆ. ಆದ್ದರಿಂದ ಕೇಳದೆ ಅದು ಸಿಗಲಾರದು. ಕೇಳಿದರೂ ಇಲ್ಲ ಎನ್ನಬಹುದು. ಅಂಥ ಉತ್ತರ ಬಂದರೆ ಬೇರೆ ದಾರಿ ಹುಡುಕಲು ನಮಗೆ ಸಮಯ ಉಳಿದಿರಬೇಕು.

ಹಾಗಾದರೆ ಮಾಡಬೇಕಾದುದೇನು? ಗಡುವಿಗೆ ಮೂರು ತಿಂಗಳು ಮುಂಚೆ ಬರವಣಿಗೆಯಲ್ಲಿ ಕೇಳೋಣ: ಗಡುವು ಯಾವ ತಾರೀಖಿಗೆ ಮುಗಿಯುತ್ತದೆ? ಆಮೇಲೆ ಬಡ್ಡಿ ಎಷ್ಟು? ಮತ್ತೆ ಸ್ಥಿರ ಬಡ್ಡಿ ಬೇಕಾದರೆ ದರವೆಷ್ಟು, ಎಷ್ಟು ವರ್ಷಕ್ಕೆ, ಬದಲಾವಣೆಯ ಶುಲ್ಕವೆಷ್ಟು? ಅಸಲು ಎಷ್ಟು ಉಳಿದಿದೆ? ಇವೇ ಪ್ರಶ್ನೆಗಳನ್ನು ಇನ್ನೊಂದು ಬ್ಯಾಂಕಿನಲ್ಲೂ ಕೇಳೋಣ.

ಇಲ್ಲೊಂದು ಸೂಕ್ಷ್ಮವಿದೆ. ಸ್ಥಿರ ಗಡುವಿನೊಳಗೇ ಸಾಲ ತೀರಿಸಿ ಬೇರೆ ಬ್ಯಾಂಕಿಗೆ ಹೋದರೆ ದಂಡ ಬೀಳಬಹುದು. ಏರಿಳಿಯುವ ಬಡ್ಡಿಗೆ ಬಂದ ಮೇಲೆ, ವ್ಯಕ್ತಿಗಳ ಮನೆಸಾಲಕ್ಕೆ ಬ್ಯಾಂಕುಗಳು ಆ ದಂಡ ಹಾಕಬಾರದೆಂದು 2012ರಿಂದಲೇ ನಿಯಮವಿದೆ. ಆದ್ದರಿಂದ ಮಾತುಕತೆ, ಕಾಗದಪತ್ರ ಎಲ್ಲವೂ ಮುಂಚೆ. ಸಾಲದ ವರ್ಗಾವಣೆ ಮಾತ್ರ ಗಡುವು ಮುಗಿದೊಡನೆ. ಅಂಗಡಿಯವರೂ ಗಮನಿಸಿ: 2026ರ ಜನವರಿ 1ರಿಂದ ಮಂಜೂರಾದ, ಏರಿಳಿಯುವ ಬಡ್ಡಿಯ ವ್ಯಾಪಾರದ ಸಾಲಕ್ಕೂ ವಾಣಿಜ್ಯ ಬ್ಯಾಂಕುಗಳು ವ್ಯಕ್ತಿಗಳಿಂದ ಆ ದಂಡ ವಸೂಲು ಮಾಡುವಂತಿಲ್ಲ.

ಸ್ಥಿರ ಬಡ್ಡಿಯೇ ಸದಾ ಲಾಭವೆಂದು ನಾವು ಹೇಳುತ್ತಿಲ್ಲ. 2023ರಲ್ಲಿ ಹೆಚ್ಚಿನ ದರಕ್ಕೆ ಬಡ್ಡಿ ಕಟ್ಟಿಸಿಕೊಂಡವರು 2025ರ ಇಳಿಕೆಯ ಫಲ ಕಾಣಲಿಲ್ಲ. ಕೂಲಿ ಏರದಿರುವಾಗ ಕಂತೂ ಏರದಿರಲಿ ಎಂಬ ನೆಮ್ಮದಿಗೆ ನಾವು ತೆರುವ ಬೆಲೆ ಅದು. ಆ ಬೆಲೆ ಎಷ್ಟೆಂದು ಲೆಕ್ಕ ಹಾಕಿಯೇ ತೆರಬೇಕು. ಬದಲಾವಣೆಯಿಂದ ತಿಂಗಳಿಗೆ 600 ರೂಪಾಯಿ ಉಳಿದು, ಶುಲ್ಕ 6,000 ಆದರೆ, ಮೊದಲ ಹತ್ತು ತಿಂಗಳ ಉಳಿತಾಯ ಶುಲ್ಕಕ್ಕೇ ಸರಿಹೋಗುತ್ತದೆ.

ಇಂಗ್ಲೆಂಡಿನಲ್ಲಿ ಗಡುವಿಗೆ ಆರು ತಿಂಗಳು ಮುಂಚೆಯೇ ಹೊಸ ದರವನ್ನು ಕಾದಿರಿಸಿಕೊಳ್ಳುವ ರೂಢಿಯಿದೆ. ಸುಮ್ಮನಿದ್ದವರು ಅಲ್ಲಿಯೂ ಸಾಮಾನ್ಯವಾಗಿ ದುಬಾರಿ ಬಡ್ಡಿಗೆ ಬೀಳುತ್ತಾರೆ.

ಬ್ಯಾಂಕಿನ ಮೇಜಿನ ಮುಂದೆ ಒಬ್ಬನೇ ನಿಂತವನ ದನಿ ಉಡುಗುತ್ತದೆ. ಓದುಬಲ್ಲ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ. ನೆರೆಯವರ ಜೊತೆ ಹೋಗಿ. ದೂರು ಕೊಟ್ಟು ಮೂವತ್ತು ದಿನ ಕಳೆದರೂ ಬ್ಯಾಂಕು ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯೋಣ. ಇಂದು ಮನೆಗೆ ಹೋದೊಡನೆ ಸಾಲದ ಕರಾರು ತೆಗೆದು ಆ ಒಂದು ತಾರೀಖನ್ನು ಹುಡುಕಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬೆವರು ಸುರಿಸಿ ಕಟ್ಟಿದ ಮನೆ ನಮ್ಮದು. ಅದರ ಲೆಕ್ಕವೂ ನಮ್ಮ ಕೈಯಲ್ಲೇ ಇರಲಿ.