ಹಳೆಯ ತೊಗಲಂಗಿ



ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ಮಂಡ್ಯ ದಾಟಿದ ಮೇಲೆ ನಮ್ಮ ಯಲಿಯೂರು ಸಿಕ್ಕುತ್ತದೆ. ಕಬ್ಬಿನ ಗದ್ದೆ, ನಾಲೆಯ ನೀರು, ಒಂದು ಪುಟ್ಟ ರೈಲು ನಿಲ್ದಾಣ, ಇಷ್ಟೇ ನಮ್ಮ ವೈಭವ. ಹೊಸ ಹೆದ್ದಾರಿಯ ನಡುದಾರಿಯಲ್ಲಿ ಮೋಟಾರು ಸೈಕಲ್ಲುಗಳು ಓಡಬಾರದೆಂದು ೨೦೨೩ರ ಆಗಸ್ಟ್ ೧ರಿಂದ ಕಟ್ಟಳೆಯಾದ ಮೇಲೆ ಸವಾರರು ಪಕ್ಕದ ರಸ್ತೆಗೆ ಇಳಿದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು ೧೯೯೬ರಲ್ಲಿ. ಅದರ ಗಾಡಿಗಳನ್ನು ಮಾತ್ರ ಮಕ್ಕಳಂತೆ ಸಾಕಿಕೊಂಡವರು ಇನ್ನೂ ಇದ್ದಾರೆ. ಅಂಥ ಸವಾರರಲ್ಲಿ ಕೆಲವರ ಮೈಮೇಲೆ ಹಳೆಯ ತೊಗಲಿನ ಜಾಕೆಟ್ಟನ್ನು ಕಾಣಬಹುದು. ಹುಡುಕಿ, ಚೌಕಾಸಿ ಮಾಡಿ ಕೊಂಡದ್ದು. ಹೊಸದಕ್ಕಿಂತ ಹೆಚ್ಚು ಬೆಲೆ ತೆತ್ತವರೂ ಉಂಟು. ಮಂಡ್ಯದ ಬಿಸಿಲಿಗೆ ತೊಗಲಂಗಿಯೇ ಎಂದು ನಗುವವರು ನಗಲಿ. ಗಾಡಿಯಿಂದ ಬಿದ್ದರೆ ಟಾರು ರಸ್ತೆ ಮೊದಲು ಸುಲಿಯುವುದು ಜಾಕೆಟ್ಟಿನ ತೊಗಲನ್ನು, ಅನಂತರ ನಮ್ಮದನ್ನು.

ಈ ಉಡುಪು ಪರದೇಶದ್ದು. ನ್ಯೂಯಾರ್ಕಿನ ಇರ್ವಿಂಗ್ ಷಾಟ್ ಎಂಬಾತ ೧೯೨೮ರಲ್ಲಿ ಮೋಟಾರು ಸೈಕಲ್ ಸವಾರರಿಗಾಗಿ ಜಿಪ್ ಇಟ್ಟ ಜಾಕೆಟ್ಟು ಹೊಲಿಸಿ, ತನಗೆ ಪ್ರಿಯವಾದ ಚುಟ್ಟದ ಹೆಸರನ್ನೇ ಅದಕ್ಕಿಟ್ಟ. ೧೯೩೧ರಲ್ಲಿ ಅಮೆರಿಕದ ಸೇನೆ ತನ್ನ ವೈಮಾನಿಕರಿಗೆ ಎ-೨ ಎಂಬ ಜಾಕೆಟ್ಟನ್ನು ಗೊತ್ತುಮಾಡಿತು; ಬಹುಪಾಲು ಕುದುರೆಯ ತೊಗಲಿನದು. ಎರಡನೆಯ ಮಹಾಯುದ್ಧದಲ್ಲಿ ಆ ಸೇನೆಯ ವಿಮಾನಗಳು ದುರಸ್ತಿಗಾಗಿ ಬೆಂಗಳೂರಿನ ಹಿಂದುಸ್ಥಾನ್ ವಿಮಾನ ಕಾರ್ಖಾನೆಗೆ ಬರುತ್ತಿದ್ದವು. ೧೯೫೩ರಲ್ಲಿ ಮಾರ್ಲನ್ ಬ್ರಾಂಡೊ ಎಂಬ ನಟ ಸಿನಿಮಾದಲ್ಲಿ ತೊಟ್ಟ ಮೇಲಂತೂ ತರುಣರಿಗೆ ಹುಚ್ಚೇ ಹಿಡಿಯಿತು.

ಅಂಗಿ ಪರದೇಶದ್ದಾದರೂ ತೊಗಲಿನ ವಿದ್ಯೆ ನಮಗೆ ಹೊಸದಲ್ಲ. ಹಸಿಯ ತೊಗಲನ್ನು ಬಾಳಿಕೆಗೆ ತರುವುದಕ್ಕೆ ಕನ್ನಡದಲ್ಲಿ ‘ಹದ ಮಾಡುವುದು’ ಎನ್ನುತ್ತೇವೆ. ಆಲೆಮನೆಯಲ್ಲಿ ಬೆಲ್ಲದ ಪಾಕಕ್ಕೆ ಹದ, ಉಳುವ ಮಣ್ಣಿಗೆ ಹದ, ತೊಗಲಿಗೂ ಹದ. ಕಣ್ಣು, ಕೈ ಎರಡೂ ಪಳಗಿದವನಿಗೆ ಮಾತ್ರ ಸಿಕ್ಕುವ ಸ್ಥಿತಿ ಅದು. ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಹೆರೆದು, ಮಾಂಸ ಕೆತ್ತಿ, ತಂಗಡಿ ಚಕ್ಕೆಯ ಒಗರು ನೀರಿನಲ್ಲಿ ದಿನಗಟ್ಟಲೆ ಊರಹಾಕಬೇಕು. ಬೀಳು ಹೊಲಗಳ ಅಂಚಿನಲ್ಲಿ ಹಳದಿ ಹೂ ಬಿಡುವ ಆ ತಂಗಡಿಯ ತೊಗಟೆಯಿಂದ ಹದವಾದ ತೊಗಲು ಮದರಾಸಿನ ಬಂದರಿನಿಂದ ಹಡಗೇರಿ ವಿಲಾಯಿತಿಗೆ ಹೋಗುತ್ತಿತ್ತು. ಆ ವಿದ್ಯೆ ಬಲ್ಲವನನ್ನು ನಾವು ಇರಿಸಿದ್ದು ಊರ ಹೊರಗೆ. ಉಪನಯನಕ್ಕೆ ಕೃಷ್ಣಾಜಿನ ಬೇಕು, ದೇವರ ಮುಂದೆ ಮೃದಂಗ ಬೇಕು; ಅವನ್ನು ಹದಮಾಡಿದ ಕೈ ಮಾತ್ರ ಬೇಡ! ಹನ್ನೆರಡನೆಯ ಶತಮಾನದ ಶರಣ ಹರಳಯ್ಯನವರು ಬಸವಣ್ಣನವರಿಗಾಗಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರೆಂಬ ಕಥೆಯನ್ನು ತರಗತಿಯಲ್ಲಿ ಹೇಳುವಾಗ ಮಕ್ಕಳು ಮೌನವಾಗುತ್ತಾರೆ. ಮನೆಗೆ ಹೋದರೆ ಅಜ್ಜಿ, ‘ತೊಗಲು ಒಳಗೆ ತರಬೇಡ, ಮಗಾ’ ಎನ್ನುವುದೂ ಉಂಟು.

ಹೀಗಾಗಿ ಅನೇಕ ಮನೆಗಳಲ್ಲಿ ತಾತನೋ ಮಾವನೋ ಸೈನ್ಯದಿಂದ ತಂದ ಜಾಕೆಟ್ಟು ಟ್ರಂಕಿನ ತಳದಲ್ಲಿ ಸತ್ತಂತೆ ಬಿದ್ದಿರುತ್ತದೆ; ಒಂದು ದಿನ ಗುಜರಿಯವನ ತಕ್ಕಡಿ ಏರುತ್ತದೆ. ಕೊಡುವ ಮುನ್ನ ದಯವಿಟ್ಟು ಒಮ್ಮೆ ನೋಡಿ. ಕತ್ತರಿಸಿದ ಅಂಚು ಉದ್ದಕ್ಕೂ ಕಂದಾಗಿದ್ದರೆ ತೊಗಟೆಯ ಹದವಿರಬಹುದು; ಒಳಗೆ ನೀಲಿ ಬೂದು ಛಾಯೆ ಕಂಡರೆ ಕ್ರೋಮಿಯಂ ಲವಣದ ಹದ. ನಿಜವಾಗಿ ಸವೆದ ಜಾಕೆಟ್ಟು ಮೊಣಕೈಯ ಮಡಿಕೆ, ಕೊರಳಪಟ್ಟಿ, ಜೇಬಿನ ಬಾಯಿ, ಇಂಥಲ್ಲಿ ಸವೆದಿರುತ್ತದೆ. ಮೈಯೆಲ್ಲ ಒಂದೇ ಸಮ ಉಜ್ಜಿದಂತಿದ್ದರೆ ಅದು ಅಂಗಡಿಯಲ್ಲೇ ಮುದಿಯಾದ ಅಂಗಿ. ಹಳೆಯದೆಂದು ದುಡ್ಡು ಕೊಡಬೇಡಿ. ಕೆಂಪು ಪುಡಿ ಕೈಗೆ ಹತ್ತಿದರೆ ತೊಗಲು ಕೊಳೆತಿದೆ; ಯಾವ ಎಣ್ಣೆಯೂ ಅದನ್ನು ಬದುಕಿಸದು.

ಉಳಿದದ್ದಕ್ಕೆ ಉಪಚಾರ ಕಷ್ಟವಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಉಸಿರುಕಟ್ಟಿ ಬೂಸು ಹಿಡಿಯುತ್ತದೆ. ಬಿಸಿಲಿಗೂ ಹಾಕಬೇಡಿ, ಸೀಳುತ್ತದೆ. ಅಗಲ ಹೆಗಲಿನ ಮರದ ಹ್ಯಾಂಗರಿಗೆ ತೂಗುಹಾಕಿ, ಗಾಳಿಯಾಡುವಲ್ಲಿಡಿ. ಬೂಸನ್ನು ಮನೆಯ ಹೊರಗೆ ಒಣಬಟ್ಟೆಯಿಂದ ಒರೆಸಿ. ಎಣ್ಣೆ ಸವರುವ ಉತ್ಸಾಹ ಹಲವರಿಗೆ. ಅದು ಹೆಚ್ಚಾದರೆ ತೊಗಲು ಜೋಲುತ್ತದೆ, ಬಣ್ಣ ಕಪ್ಪಾಗುತ್ತದೆ. ತೊಗಲಿಗಿಂತ ಮೊದಲು ಲಯವಾಗುವುದು ಹೊಲಿಗೆಯ ನೂಲು. ಹೊಲಿಗೆ ಬಿಟ್ಟಿದ್ದರೆ ಪೇಟೆಬೀದಿಯಲ್ಲಿ ಮೆಟ್ಟು ಹೊಲಿಯುವವರ ಬಳಿ ಒಯ್ಯಿರಿ. ಹಳೆಯ ತೂತುಗಳಲ್ಲೇ ದಾರ ಹಾಯಿಸಿಕೊಡಿ ಎಂದು ಕೇಳಿ, ಹೊಸ ತೂತು ತೊಗಲನ್ನು ಹರಿಸುತ್ತದೆ. ಕೂಲಿಯಲ್ಲಿ ಚೌಕಾಸಿ ಬೇಡ. ಆಮೇಲೆ ಧನುರ್ಮಾಸದ ಚಳಿಗೆ ತೊಟ್ಟುಕೊಂಡೇ ಹೊರಡಿ. ಮೈಗೆ ಬಾಗಿ, ನಡೆದಾಡಿದಷ್ಟೂ ಅದು ಮೆತ್ತಗಾಗುತ್ತದೆ. ಟ್ರಂಕಿನಲ್ಲಿ ಮಡಿಸಿಟ್ಟದ್ದು ಮಡಿಕೆಯಲ್ಲೇ ಬಿರಿಯುತ್ತದೆ.