ತೆರೆಯ ಮೇಲೆ ಇಲ್ಲದ ಹೆಸರು

(‘ರೋಮನ್ ಹಾಲಿಡೇ’ ಚಿತ್ರಪ್ರದರ್ಶನದ ತರುವಾಯ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಈಗತಾನೆ ನಾವೆಲ್ಲರೂ ಕೂಡಿ ‘ರೋಮನ್ ಹಾಲಿಡೇ’ ಚಿತ್ರವನ್ನು ನೋಡಿದೆವು. ಮನಸಾರೆ ನಕ್ಕೆವು, ಕೊನೆಗೆ ಕೆಲವರು ಕಣ್ಣೊರೆಸಿಕೊಂಡುದನ್ನೂ ಕಂಡೆವು. 1953ರಲ್ಲಿ ಹೊರಬಂದ ಚಿತ್ರವಾದರೂ ಅದರ ಸೊಗಸು ಮಾಸಿಲ್ಲ. ಆದರೆ ಇದರ ಹಿಂದೆ ಇನ್ನೊಂದು ಕಥೆಯುಂಟು. ದುಡಿದು ಉಣ್ಣುವ ನಾವು ಅದನ್ನು ಅರಿಯಬೇಕು.

ಚಿತ್ರದ ಕಥೆ ನಿಮಗೆ ಗೊತ್ತೇ ಇದೆ. ಬಿಡುವಿಲ್ಲದ ಸತ್ಕಾರ ಸಮಾರಂಭಗಳಿಂದ ಬೇಸತ್ತ ರಾಜಕುಮಾರಿ ರಾತ್ರಿ ತನ್ನ ದೇಶದ ರಾಯಭಾರ ಕಚೇರಿಯಿಂದ ತಪ್ಪಿಸಿಕೊಂಡು ರೋಮ್ ನಗರದ ಬೀದಿ ಸೇರುತ್ತಾಳೆ. ಬಡ ಪತ್ರಿಕಾ ಬಾತ್ಮಿದಾರನೊಬ್ಬ ಅವಳ ಗುರುತು ಹಿಡಿದು, ಸುದ್ದಿ ಮಾರಿ ಹಣ ಗಳಿಸುವ ಹಂಚಿಕೆ ಹಾಕುತ್ತಾನೆ. ಕೊನೆಗೆ ಅವಳ ಮೇಲಿನ ಪ್ರೀತಿಯಿಂದ ಸುದ್ದಿಯನ್ನೂ ಹಣವನ್ನೂ ಬಿಟ್ಟುಕೊಡುತ್ತಾನೆ.

ದಿಗ್ದರ್ಶಕ ವಿಲಿಯಂ ವೈಲರ್ 1952ರಲ್ಲಿ ರೋಮ್‌ಗೇ ಹೋಗಿ ಚಿತ್ರೀಕರಣ ನಡೆಸಿದರು. ನಾಯಕ ಗ್ರೆಗರಿ ಪೆಕ್ ಆಗಲೇ ಪ್ರಸಿದ್ಧ ನಟ. ನಾಯಕಿ ಆಡ್ರಿ ಹೆಪ್‌ಬರ್ನ್ 23 ವರ್ಷದ ಹೊಸಬಳು. ಕರಾರಿನಂತೆ ಚಿತ್ರದ ಶೀರ್ಷಿಕೆಯ ಮೇಲೆ ಪೆಕ್ ಹೆಸರೊಂದೇ ಬರಬೇಕಾಗಿತ್ತು. ಆಕೆಯ ಕೆಲಸ ಕಂಡ ಪೆಕ್, ತನ್ನ ಹೆಸರಿನ ಸರಿಸಮನಾಗಿ ಆಕೆಯ ಹೆಸರೂ ಬರಲಿ ಎಂದು ತಾವೇ ಒತ್ತಾಯಿಸಿದರು. ಜೊತೆಯ ದುಡಿಮೆಗಾರಳಿಗೆ ಹೀಗೆ ಮರ್ಯಾದೆ ಕೊಟ್ಟವನನ್ನು ದೊಡ್ಡವನೆನ್ನಬೇಕು.

ಆದರೆ ಅದೇ ಚಿತ್ರದಲ್ಲಿ ಇನ್ನೊಂದು ಹೆಸರು ಮುಚ್ಚಿಹೋಯಿತು. ಕಥೆಯನ್ನು ಹೆಣೆದವರು ಡಾಲ್ಟನ್ ಟ್ರಂಬೊ. 1947ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು, ನೀವು ಕಮ್ಯೂನಿಸ್ಟರೇ ಎಂದು ಚಿತ್ರರಂಗದವರನ್ನು ಕರೆದು ಕೇಳಿತು. ಹತ್ತು ಮಂದಿ ಉತ್ತರ ಕೊಡಲು ಒಪ್ಪಲಿಲ್ಲ. ಟ್ರಂಬೊ ಅವರಲ್ಲೊಬ್ಬರು. ಚಿತ್ರಸಂಸ್ಥೆಗಳು ಅವರಿಗೆ ಬಾಗಿಲು ಮುಚ್ಚಿದವು. 1950ರಲ್ಲಿ ಟ್ರಂಬೊ ಜೈಲನ್ನೂ ಕಂಡರು. ಕಪ್ಪುಪಟ್ಟಿಗೆ ಸೇರಿದವರ ಬರಹವನ್ನು ಅವರ ಹೆಸರಿನಲ್ಲಿ ಕೊಳ್ಳುವವರಿರಲಿಲ್ಲ. ಆದುದರಿಂದ ಗೆಳೆಯ ಇಯಾನ್ ಮೆಕ್ಲೆಲನ್ ಹಂಟರ್ ತಮ್ಮ ಹೆಸರನ್ನು ಎರವಲು ಕೊಟ್ಟರು. 1954ರಲ್ಲಿ ಈ ಚಿತ್ರಕ್ಕೆ ಮೂರು ಆಸ್ಕರ್ ಪಾರಿತೋಷಕಗಳು ಬಂದವು. ಕಥೆಯದು ಹಂಟರ್ ಹೆಸರಿಗೆ ಹೋಯಿತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಇಲ್ಲಿ ಕೆಸರಾದ ಕೈಯನ್ನು ಯಾರೂ ಕಾಣಲಿಲ್ಲ.

ರೋಮ್‌ನ ‘ಸತ್ಯದ ಬಾಯಿ’ ಎಂಬ ಕಲ್ಲಿನ ಮುಖವನ್ನು ನೋಡಿದಿರಷ್ಟೆ? ಸುಳ್ಳು ಹೇಳುವವನು ಅದರೊಳಗೆ ಕೈಯಿಟ್ಟರೆ ಕೈ ತುಂಡಾಗುವುದಂತೆ. ನಾಯಕ ಕೈಯನ್ನು ತೋಳಿನೊಳಗೆ ಅಡಗಿಸಿದಾಗ ನಾವೆಲ್ಲ ನಕ್ಕೆವು. ಕಥೆ ಬರೆದವನ ಕೈಯನ್ನೇ ಚಿತ್ರ ಅಡಗಿಸಿಟ್ಟಿತ್ತು.

ಬಂಧುಗಳೇ, ನಮ್ಮಂಥ ಸಂಘದವರಿಗೆ ಚುಚ್ಚುವ ಮಾತು ಇನ್ನೊಂದಿದೆ. ಚಿತ್ರಕಥೆಗಾರರಿಗೂ ಒಂದು ಕಾರ್ಮಿಕ ಸಂಘವಿತ್ತು. ಅಂಥವರ ಹೆಸರನ್ನು ತೆರೆಯಿಂದ ಬಿಡಬಹುದೆಂದು 1952ರಲ್ಲಿ ಮಾಲೀಕರಿಗೆ ಒಪ್ಪಿಗೆ ಕೊಟ್ಟದ್ದು ಆ ಸಂಘವೇ! ಭಯದ ಕಾಲದಲ್ಲಿ ಬೇಲಿಯೇ ಎದ್ದು ಹೊಲ ಮೇಯಿತು.

ಸತ್ಯ ಹೊರಬಂದಿತು, ಆದರೆ ತಡವಾಗಿ. 1976ರಲ್ಲಿ ಟ್ರಂಬೊ ತೀರಿಕೊಂಡರು. 1993ರಲ್ಲಿ ಈ ಕಥೆಯ ಆಸ್ಕರನ್ನು ಅವರ ಪತ್ನಿಯ ಕೈಗೆ ಕೊಡಲಾಯಿತು. 2011ರಲ್ಲಿ ಚಿತ್ರಕಥೆಗಾರರ ಸಂಘ ಚಿತ್ರಕಥೆಯ ಮನ್ನಣೆಯಲ್ಲೂ ಅವರ ಹೆಸರನ್ನು ಸೇರಿಸಿ ತಪ್ಪನ್ನು ತಿದ್ದಿಕೊಂಡಿತು. ನಡುವೆ 58 ವರ್ಷ ಕಳೆದಿದ್ದವು. ತಿದ್ದಿಕೊಂಡದ್ದು ಒಳ್ಳೆಯದೇ, ಆದರೆ ಸಂಘವೆಂಬುದು ಬೇಕಾಗುವುದು ಮನುಷ್ಯ ಬದುಕಿರುವಾಗ.

ಕೂಲಿ ಹೊಟ್ಟೆ ತುಂಬಿಸುತ್ತದೆ. ಇದು ನನ್ನ ಕೆಲಸ ಎಂದು ಹೇಳುವ ಹಕ್ಕು ತಲೆಯೆತ್ತಿ ನಡೆಸುತ್ತದೆ. ನಮಗೆ ಎರಡೂ ಬೇಕು. ಅದನ್ನು ಮನೆಯಿಂದಲೇ ಆರಂಭಿಸೋಣ. ಸಂಘದ ವಾರ್ಷಿಕ ನಾಟಕದಲ್ಲಿ ಪರದೆ ಎಳೆದವರ, ಚಹಾ ಕಾಸಿದವರ, ರಾತ್ರಿ ಕುಳಿತು ಪಾತ್ರಗಳ ಮಾತನ್ನು ನಕಲು ಮಾಡಿದವರ ಹೆಸರು ಈ ವರ್ಷದ ವರದಿಯಲ್ಲಿ ಅಚ್ಚಾಗಲಿ. ಯಾರ ಹೆಸರಾದರೂ ಬಿಟ್ಟುಹೋದರೆ, ಪಕ್ಕದಲ್ಲಿರುವವರು ಎದ್ದು ನಿಂತು ಕೇಳಲಿ.